ಬಡಾವಣೆಯನ್ನು ಭಾನುವಾರ ನೋಡಬೇಡಿ

ಮನೆ ಹುಡುಕುವವರು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆರಾಮವಾಗಿ ಹೊರಟು ನಗರದ ಅಂಚಿನ ಬಡಾವಣೆಯೊಂದನ್ನು ನೋಡಿ ಬಂದೆವು. ಅಗಲವಾದ ರಸ್ತೆ, ಸಾಲುಮರ, ಮೂಲೆಯಲ್ಲೊಂದು ಉದ್ಯಾನ, ಹತ್ತು ಹೆಜ್ಜೆಗೆ ಹೊಸ ಶಾಲೆ. ಕಚೇರಿಯಿಂದ ಅಲ್ಲಿಗೆ ಹಿಡಿದದ್ದು 22 ನಿಮಿಷ. ಮುಂಗಡ ಕೊಡುವ ಮಾತೂ ಆಯಿತು. ಆ ವಾರವೇ ಒಂದು ಕಾಗದಕ್ಕೆ ಸಹಿ ಹಾಕಲು ಮಂಗಳವಾರ ಸಂಜೆ ಕಚೇರಿ ಮುಗಿಸಿಕೊಂಡು ಅದೇ ದಾರಿಯಲ್ಲಿ ಹೋದೆ. 70 ನಿಮಿಷ ಹಿಡಿಯಿತು. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಕಾವಲುಗಾರರನ್ನು ವಿಚಾರಿಸಿದೆ. "ಕೊನೆಯ ಮಗು ಹೋಗಿ ಮುಕ್ಕಾಲು ಗಂಟೆಯಾಯಿತು" ಎಂದರು. ನಾವು ಅಲ್ಲಿ ಮನೆ ಮಾಡಿದ್ದರೆ ಆ ಕೊನೆಯ ಮಗು ನಮ್ಮದೇ ಆಗಿರುತ್ತಿತ್ತು, ಮತ್ತು ಅದು ಇನ್ನೂ ಗೇಟಿನ ಬಳಿಯೇ ನಿಂತಿರುತ್ತಿತ್ತು.

ಅಂದಿನಿಂದ ಎರಡು ಬಡಾವಣೆಗಳ ನಡುವೆ ಒಂದನ್ನು ಆರಿಸಬೇಕಾದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಅಲ್ಲಿ ನಮ್ಮ ಮಂಗಳವಾರ ಹೇಗಿರುತ್ತದೆ? ಮನೆಯ ವಿಸ್ತೀರ್ಣ, ಶಾಲೆಯ ಹೆಸರು, ಬಾಡಿಗೆ ಅಥವಾ ಸಾಲದ ಕಂತು ಎಲ್ಲವೂ ಮುಖ್ಯವೇ. ಆದರೆ ಅವುಗಳ ನಿಜವಾದ ಬೆಲೆ ತಿಳಿಯುವುದು ಕೆಲಸದ ದಿನವೊಂದರೊಳಗೆ ಅವನ್ನು ಇಟ್ಟು ನೋಡಿದಾಗ.

ದೂರವನ್ನು ಅಳೆಯುವ ಬಗೆ

ಜಾಹೀರಾತುಗಳು ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತವೆ. ಮನುಷ್ಯರು ದೂರವನ್ನು ಬದುಕುವುದು ಗಂಟೆಗಳಲ್ಲಿ. ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರ ಲೇಖನವೊಂದರಲ್ಲಿ, ಕಾಲ ಯಾವುದಾದರೂ ವಾಹನ ಯಾವುದಾದರೂ ಜನ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟನ್ನು ಓಡಾಟಕ್ಕೆ ಕೊಡುತ್ತಾರೆ ಎಂದು ವಾದಿಸಿದರು. ವೇಗದ ವಾಹನ ಬಂದಾಗ ಉಳಿದ ಸಮಯವನ್ನು ಮನೆಯಲ್ಲಿ ಕಳೆಯುವ ಬದಲು ನಾವು ಮನೆಯನ್ನೇ ಇನ್ನಷ್ಟು ದೂರಕ್ಕೆ ಒಯ್ಯುತ್ತೇವೆ. ನನ್ನ ಮಟ್ಟಿಗೆ ಹೋಗಿಬರಲು ಒಟ್ಟು ಒಂದು ಗಂಟೆ ಎಂಬುದು ಒಳ್ಳೆಯ ಗಡಿಗೆರೆ. ಅದನ್ನು ದಾಟುವ ಬಡಾವಣೆ ಬೇರೆ ಏನನ್ನಾದರೂ ದೊಡ್ಡದಾಗಿ ಕೊಡುತ್ತಿರಬೇಕು.

ಸಣ್ಣದಾಗಿ ಕಾಣುವ ವ್ಯತ್ಯಾಸ ವರ್ಷದ ಕೊನೆಗೆ ಎಷ್ಟಾಗುತ್ತದೆ ನೋಡಿ. ಒಂದು ಬಡಾವಣೆ ಇನ್ನೊಂದಕ್ಕಿಂತ 25 ನಿಮಿಷ ದೂರ ಎಂದುಕೊಳ್ಳಿ. ಹೋಗಿ ಬರಲು 50 ನಿಮಿಷ. ವರ್ಷಕ್ಕೆ 220 ಕೆಲಸದ ದಿನಗಳಾದರೆ 183 ಗಂಟೆ, ಅಂದರೆ ಎಂಟು ಗಂಟೆಯ ಲೆಕ್ಕದಲ್ಲಿ 23 ಪೂರ್ತಿ ಕೆಲಸದ ದಿನಗಳು. ಹೆಚ್ಚುವರಿ ಮಲಗುವ ಕೋಣೆಯೊಂದಕ್ಕೆ ಪ್ರತಿ ವರ್ಷ 23 ದಿನಗಳ ಸಂಬಳವಿಲ್ಲದ ದುಡಿಮೆ ಕೊಡಲು ನೀವು ಸಿದ್ಧರಿದ್ದೀರಾ? ಕೆಲವರು ಸಿದ್ಧರಿರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಲೆಕ್ಕ ಹಾಕದೆ ಕೊಟ್ಟುಬಿಡುವುದಷ್ಟೇ ತಪ್ಪು.

ಸ್ವಿಟ್ಜರ್‌ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಇದೇ ಕಣ್ಣಿನಿಂದ ಓದಿದರು. ದೂರದಿಂದ ಓಡಾಡುವವರಿಗೆ ದೊಡ್ಡ ಮನೆಯೋ ಹೆಚ್ಚಿನ ಸಂಬಳವೋ ಸಿಕ್ಕಿರುತ್ತದೆ, ಹಾಗಾಗಿ ಒಟ್ಟಾರೆ ತೃಪ್ತಿ ಹತ್ತಿರದವರಷ್ಟೇ ಇರಬೇಕು ಎಂಬುದು ಅರ್ಥಶಾಸ್ತ್ರದ ನಿರೀಕ್ಷೆ. ಸಮೀಕ್ಷೆಯಲ್ಲಿ ಹಾಗೆ ಕಾಣಲಿಲ್ಲ. ಓಡಾಟ ಹೆಚ್ಚಿದಷ್ಟೂ ಬದುಕಿನ ತೃಪ್ತಿ ಇಳಿದಿತ್ತು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 2004ರಲ್ಲಿ ಟೆಕ್ಸಾಸ್‌ನ 909 ದುಡಿಯುವ ಮಹಿಳೆಯರ ದಿನಚರಿಯನ್ನು ತುಣುಕುತುಣುಕಾಗಿ ಬಿಡಿಸಿ ನೋಡಿದಾಗ, ಬೆಳಗಿನ ಓಡಾಟ ಅತ್ಯಂತ ಕಡಿಮೆ ಸಂತೋಷ ಕೊಡುವ ಚಟುವಟಿಕೆಗಳಲ್ಲಿ ಒಂದಾಗಿತ್ತು. ನನಗನ್ನಿಸುವ ಕಾರಣ ಸರಳ. ದೊಡ್ಡ ಹಜಾರಕ್ಕೆ ಮೂರು ತಿಂಗಳಲ್ಲಿ ಕಣ್ಣು ಒಗ್ಗಿಬಿಡುತ್ತದೆ. ದಿನಕ್ಕೊಂದು ಬಗೆಯಲ್ಲಿ ಕಾಡುವ ವಾಹನದಟ್ಟಣೆಗೆ ಮೂರು ವರ್ಷವಾದರೂ ಮನಸ್ಸು ಒಗ್ಗುವುದಿಲ್ಲ.

ಇಲ್ಲಿ ಸರಾಸರಿಯನ್ನು ನಂಬಿ ಮೋಸಹೋಗುವವರೇ ಹೆಚ್ಚು. ಮೊದಲ ಬಡಾವಣೆಯಿಂದ ಪ್ರತಿದಿನವೂ 45 ನಿಮಿಷ. ಎರಡನೆಯದರಿಂದ ಹತ್ತರಲ್ಲಿ ಎಂಟು ದಿನ 35 ನಿಮಿಷ, ಎರಡು ದಿನ 70. ಎರಡನೆಯದರ ಸರಾಸರಿ 42, ಆದ್ದರಿಂದ ಅದೇ ಹತ್ತಿರ ಎನ್ನಿಸುತ್ತದೆ. ಆದರೆ ಶಾಲೆಯ ಬಾಗಿಲು ಮುಚ್ಚುವ ಹೊತ್ತಿಗೆ ಮಗುವನ್ನು ಕರೆತರಬೇಕಾದವರಿಗೆ ಯಾವ ದಿನ 70 ಎಂದು ಮೊದಲೇ ಗೊತ್ತಿರುವುದಿಲ್ಲ. ಅವರು ದಿನವೂ 70 ನಿಮಿಷ ಮುಂಚೆಯೇ ಕಚೇರಿ ಬಿಡಬೇಕು. ಅವರ ಪಾಲಿಗೆ ಎರಡನೆಯ ಬಡಾವಣೆಯ ದೂರ 70 ನಿಮಿಷವೇ. ಸಂಚಾರ ಯೋಜನೆ ಮಾಡುವವರು ಇದಕ್ಕೆಂದೇ ಇಪ್ಪತ್ತರಲ್ಲಿ ಹತ್ತೊಂಬತ್ತು ದಿನ ಸಾಕಾಗುವ ಸಮಯ ಎಷ್ಟು ಎಂದು ಬೇರೆಯಾಗಿ ಲೆಕ್ಕಹಾಕುತ್ತಾರೆ. ಮನೆ ಹುಡುಕುವವರಿಗೂ ಬೇಕಾದ ಅಂಕಿ ಅದೇ.

ಇನ್ನೊಂದು, ನಮ್ಮ ಓಡಾಟ ನೇರಗೆರೆಯಲ್ಲ. ಮನೆಯಿಂದ ಶಾಲೆ, ಶಾಲೆಯಿಂದ ಕಚೇರಿ, ಸಂಜೆ ತಿರುಗಿ ಅದೇ. ಕಚೇರಿ 35 ನಿಮಿಷದ ದಾರಿ, ಶಾಲೆ ಆ ದಾರಿಯಲ್ಲೇ ಇದ್ದರೆ ಮಗುವನ್ನು ಇಳಿಸಲು ಐದು ನಿಮಿಷ ಸೇರಿಸಿ 40. ಅದೇ ಶಾಲೆ ಎದುರು ದಿಕ್ಕಿನಲ್ಲಿ 15 ನಿಮಿಷವಿದ್ದರೆ, ಹೋಗಲು 15, ಮರಳಲು 15, ಮತ್ತೆ 35, ಇಳಿಸುವ ಐದೂ ಸೇರಿ 70. ನಕ್ಷೆಯಲ್ಲಿ ಎರಡೂ ಶಾಲೆಗಳು "ಮನೆಗೆ ಹತ್ತಿರ". ಒಂದು ಕುಟುಂಬದಲ್ಲಿ ಇಬ್ಬರು ದುಡಿಯುವವರಿದ್ದು ಕಚೇರಿಗಳು ಬೇರೆಬೇರೆ ದಿಕ್ಕಿನಲ್ಲಿದ್ದರೆ, ಯಾರು ಮಗುವನ್ನು ಬಿಡುತ್ತಾರೆ, ಯಾರು ಕರೆತರುತ್ತಾರೆ ಎಂಬುದನ್ನು ಮನೆ ನೋಡುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. "ಇಬ್ಬರೂ ಸೇರಿ ನಿಭಾಯಿಸೋಣ" ಎಂದು ಬಿಟ್ಟ ಕಡೆ ಅದು ಸದ್ದಿಲ್ಲದೆ ಒಬ್ಬರ ಹೆಗಲಿಗೇ ಬೀಳುತ್ತದೆ. ಯಾರ ಹೆಗಲಿಗೆ ಎಂದು ನಾನು ಹೇಳಬೇಕಿಲ್ಲ.

ರೈಲು, ಬಸ್, ಸ್ವಂತ ವಾಹನಗಳನ್ನು ಹೋಲಿಸುವಾಗ ನಿಮಿಷಗಳೆಲ್ಲ ಒಂದೇ ತೂಕದವಲ್ಲ ಎಂಬುದು ನೆನಪಿರಲಿ. ಕುಳಿತು ಓದುತ್ತಲೋ ತೂಕಡಿಸುತ್ತಲೋ ಹೋಗುವ 50 ನಿಮಿಷ, ಬ್ರೇಕು ತುಳಿಯುತ್ತ ಕಳೆಯುವ 40 ನಿಮಿಷಕ್ಕಿಂತ ಹಗುರ. ನಿಲ್ದಾಣದಲ್ಲಿ ಕಾಯುವ ಒಂದು ನಿಮಿಷವನ್ನು ಯೋಜಕರು ಸಾಮಾನ್ಯವಾಗಿ ಪ್ರಯಾಣದ ಸುಮಾರು ಎರಡು ನಿಮಿಷಕ್ಕೆ ಸಮ ಎಂದು ಎಣಿಸುತ್ತಾರೆ, ಏಕೆಂದರೆ ಕಾಯುವವರಿಗೆ ಅದು ಹಾಗೆಯೇ ಅನ್ನಿಸುತ್ತದೆ. ಆದ್ದರಿಂದ ರೈಲು ಎಷ್ಟು ವೇಗದ್ದು ಎಂಬುದಕ್ಕಿಂತ ಎಷ್ಟು ಹೊತ್ತಿಗೊಂದು ಎಂಬುದನ್ನು ಮೊದಲು ಕೇಳಿ. ಅರ್ಧ ಗಂಟೆಗೊಂದು ರೈಲು ಇರುವ ಕಡೆ ಒಂದು ತಪ್ಪಿದರೆ ಸಂಜೆಯೇ ಕೈತಪ್ಪಿದ ಹಾಗೆ. ನಡುವೆ ಎರಡು ಬಾರಿ ವಾಹನ ಬದಲಿಸುವ ದಾರಿಯನ್ನು ನಾನಂತೂ ಪಟ್ಟಿಯಿಂದಲೇ ತೆಗೆದುಹಾಕುತ್ತೇನೆ.

ಒಳ್ಳೆಯ ಶಾಲೆ ಎಂದರೆ ಯಾವ ಅಳತೆಯಲ್ಲಿ?

ಶಾಲೆಗೆ ಹತ್ತಿರದ ಮನೆಗಳಿಗೆ ಬೆಲೆ ಏಕೆ ಹೆಚ್ಚು ಎಂದು ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಜಾಣತನದಿಂದ ಅಳೆದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಕ್ಕಳು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂದು ವಿಳಾಸವೇ ತೀರ್ಮಾನಿಸುತ್ತದೆ. ಎರಡು ಶಾಲೆಗಳ ವ್ಯಾಪ್ತಿ ಬೇರೆಯಾಗುವ ಗೆರೆಯ ಆಚೀಚೆ ಇರುವ ಮನೆಗಳನ್ನಷ್ಟೇ ಅವರು ಹೋಲಿಸಿದರು. ನೆರೆಹೊರೆ ಒಂದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ 5ರಷ್ಟು ಹೆಚ್ಚಿರುವ ಶಾಲೆಗಾಗಿ ಪಾಲಕರು ಮನೆಯ ಬೆಲೆಯಲ್ಲಿ ಶೇ 2.5ರಷ್ಟು ಹೆಚ್ಚು ಕೊಡುತ್ತಿದ್ದರು. ಅಂದರೆ ಉಚಿತ ಶಾಲೆಯ ಶುಲ್ಕವೂ ಮನೆಯ ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ. ಹಾಗಿದ್ದಮೇಲೆ ಆ ಅಂಕ ಏನನ್ನು ಅಳೆಯುತ್ತದೆ ಎಂದು ತಿಳಿಯದೆ ಹಣ ಕೊಡಬಾರದು.

ಅದು ಹೆಚ್ಚಾಗಿ ಅಳೆಯುವುದು ಆ ಶಾಲೆಗೆ ಎಂಥ ಮನೆಗಳ ಮಕ್ಕಳು ಬರುತ್ತಾರೆ ಎಂಬುದನ್ನು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ 1966ರ ವರದಿ ಅಮೆರಿಕದ ಲಕ್ಷಾಂತರ ವಿದ್ಯಾರ್ಥಿಗಳನ್ನು ನೋಡಿ ಹೇಳಿದ್ದು ಇದೇ: ಮಕ್ಕಳ ಕಲಿಕೆಯ ಅಂತರಕ್ಕೆ ಶಾಲೆಯ ಕಟ್ಟಡ, ಸೌಲಭ್ಯಗಳಿಗಿಂತ ಮನೆಯ ಹಿನ್ನೆಲೆ ಹೆಚ್ಚು ಕಾರಣ. ಓದಿದ ತಂದೆತಾಯಿಯರ ಮಕ್ಕಳೇ ತುಂಬಿರುವ ಶಾಲೆ ಏನೂ ಕಲಿಸದೆಯೂ ಒಳ್ಳೆಯ ಫಲಿತಾಂಶ ತೋರಿಸಬಲ್ಲದು. ಹಿಂದುಳಿದವರನ್ನು ಎರಡು ವರ್ಷದಲ್ಲಿ ಮೇಲೆತ್ತಿದ ಶಾಲೆ ಪಟ್ಟಿಯ ನಡುವಿನಲ್ಲೇ ಉಳಿದಿರಬಹುದು. ಇದನ್ನು ಸರಿಪಡಿಸಲೆಂದೇ ಇಂಗ್ಲೆಂಡ್ 2016ರಲ್ಲಿ ಪ್ರೌಢಶಾಲೆಗಳಿಗೆ "ಪ್ರೋಗ್ರೆಸ್ 8" ಎಂಬ ಅಳತೆಯನ್ನು ತಂದಿತು. ಮಗು ಸೇರಿದಾಗ ಎಲ್ಲಿತ್ತು, ಬಿಡುವಾಗ ಎಲ್ಲಿಗೆ ತಲುಪಿತು ಎಂಬ ಅಂತರವನ್ನು ಅದು ನೋಡುತ್ತದೆ. ನೀವಿರುವ ಕಡೆ ಇಂಥ ಅಂಕಿ ಸಿಗುವುದಾದರೆ ಮೊದಲು ಅದನ್ನು ನೋಡಿ, ಬಳಿಕ ರ‍್ಯಾಂಕ್ ಪಟ್ಟಿಯನ್ನು. ಸಿಗದಿದ್ದರೆ ಐದು ವರ್ಷಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿ. 30 ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ 3.3. ಇಬ್ಬರಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಶಾಲೆ ಪಟ್ಟಿಯಲ್ಲಿ ಹತ್ತು ಸ್ಥಾನ ಕೆಳಗಿಳಿದೀತು.

ಇನ್ನುಳಿದದ್ದನ್ನು ಕಾಲ್ನಡಿಗೆಯಲ್ಲೇ ತಿಳಿಯಬೇಕು. ಶಾಲೆಯವರೇ ಏರ್ಪಡಿಸುವ ಪ್ರದರ್ಶನದ ದಿನ ಹೋಗಬೇಡಿ, ಆ ದಿನ ಎಲ್ಲ ಗೋಡೆಗಳೂ ಹೊಸ ಚಿತ್ರ ತೊಟ್ಟಿರುತ್ತವೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಕಾಲು ಗಂಟೆ ನಿಲ್ಲಿ. ಮಕ್ಕಳು ಶಿಕ್ಷಕರ ಜೊತೆ ಮಾತಾಡುತ್ತ ಬರುತ್ತಾರೋ, ಓಡಿ ತಪ್ಪಿಸಿಕೊಳ್ಳುತ್ತಾರೋ ನೋಡಿ. ಮುಖ್ಯೋಪಾಧ್ಯಾಯರನ್ನು ಭೇಟಿಯಾದರೆ ಎರಡೇ ಪ್ರಶ್ನೆ ಕೇಳಿ: ಕಳೆದ ಮೂರು ವರ್ಷದಲ್ಲಿ ಎಷ್ಟು ಶಿಕ್ಷಕರು ಬಿಟ್ಟುಹೋದರು? ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಇಲ್ಲಿ ಮೊದಲ ವಾರ ಏನಾಗುತ್ತದೆ? ಎರಡನೆಯ ಪ್ರಶ್ನೆಗೆ ಒಬ್ಬರು ಕೂಡಲೇ ಒಬ್ಬ ಶಿಕ್ಷಕಿಯ ಹೆಸರು, ಒಂದು ಕೋಣೆ, ಒಂದು ಸಮಯ ಹೇಳಿದರು. ಇನ್ನೊಬ್ಬರು ತಮ್ಮ ಶಾಲೆಯಲ್ಲಿ ಅಂಥ ಮಕ್ಕಳೇ ಇಲ್ಲ ಎಂದರು. ಎರಡನೆಯವರ ಶಾಲೆಯ ಫಲಿತಾಂಶ ನೂರಕ್ಕೆ ನೂರು. ಹಿಂದೆ ಬಿದ್ದ ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳುವ ಧೈರ್ಯ ನನಗೆ ಆಗ ಬರಲಿಲ್ಲ, ಈಗ ಬರುತ್ತದೆ.

ಹತ್ತಿರ ಶಾಲೆಯಿದೆ ಎಂದಮಾತ್ರಕ್ಕೆ ಸೀಟು ಸಿಗುತ್ತದೆ ಎಂದಲ್ಲ. ವಿಳಾಸ ನೋಡಿ ಪ್ರವೇಶ ಕೊಡುವ ಕಡೆಗಳಲ್ಲಿ ವ್ಯಾಪ್ತಿಯ ಗೆರೆ ಬದಲಾಗುವುದುಂಟು, ಅದರಲ್ಲೂ ಹೊಸ ಮನೆಗಳು ಏಳುತ್ತಿರುವ ಬಡಾವಣೆಗಳಲ್ಲಿ. ಮನೆ ಮಾರುವವರ ಮಾತನ್ನು ಬಿಟ್ಟು, ಶಾಲೆಯನ್ನೋ ಶಿಕ್ಷಣ ಇಲಾಖೆಯನ್ನೋ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದೂ ಕೇಳಿ. ನಾಲ್ಕು ವರ್ಷದ ಮಗುವಿಗೆ ಮನೆ ಹುಡುಕುವವರು ಪ್ರೌಢಶಾಲೆಯನ್ನು ಮರೆತು, ಆರೇಳು ವರ್ಷಗಳ ಬಳಿಕ ಮತ್ತೆ ಗಂಟುಮೂಟೆ ಕಟ್ಟುತ್ತಾರೆ.

ನಾಲ್ಕು ಬಗೆಯ ಬಡಾವಣೆಗಳು

ಹೆಸರುಗಳು ಬೇರೆಯಾದರೂ ಕುಟುಂಬಗಳ ಮುಂದೆ ಬರುವ ಆಯ್ಕೆಗಳು ಸುಮಾರಾಗಿ ನಾಲ್ಕೇ. ನಗರದ ಒಡಲಿಗೆ ಅಂಟಿಕೊಂಡ ಹಳೆಯ ಬಡಾವಣೆ ಮೊದಲನೆಯದು. ಮನೆ ಚಿಕ್ಕದು, ಹಳೆಯದು, ಕೊಳವೆಗಳು ಸೋರಬಹುದು. ಆದರೆ ಶಾಲೆ, ಗ್ರಂಥಾಲಯ, ವೈದ್ಯರು, ಬಸ್ ಎಲ್ಲವೂ ನೆಲೆನಿಂತು ದಶಕಗಳಾಗಿರುತ್ತವೆ, ಅವುಗಳ ಗುಣದೋಷ ಎಲ್ಲರಿಗೂ ಗೊತ್ತಿರುತ್ತದೆ. ಇಬ್ಬರೂ ದುಡಿಯುವ, ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ನನ್ನ ಮೊದಲ ಮತ ಇದಕ್ಕೆ. ಜಾಗದ ಇಕ್ಕಟ್ಟನ್ನು ಮಕ್ಕಳು ದೊಡ್ಡವರಷ್ಟು ಲೆಕ್ಕಿಸುವುದಿಲ್ಲ.

ರೈಲು ಅಥವಾ ಮೆಟ್ರೊ ಮಾರ್ಗದ ಮೇಲಿನ ಬಡಾವಣೆ ಎರಡನೆಯದು. ದೂರ ಹೆಚ್ಚು, ಆದರೆ ಸಮಯ ಖಚಿತ. ಮೇಲೆ ಹೇಳಿದ ದಿನವೂ 45 ನಿಮಿಷದ ಲೆಕ್ಕ ಇಂಥದ್ದಕ್ಕೇ ಹೊಂದುವುದು. ಇದರ ಗುಟ್ಟೆಲ್ಲ ಮನೆಯಿಂದ ನಿಲ್ದಾಣದವರೆಗಿನ ದಾರಿಯಲ್ಲಿದೆ. ಹತ್ತು ನಿಮಿಷ ನಡೆಯುವಷ್ಟಿದ್ದರೆ ಇದು ನಾಲ್ಕರಲ್ಲೂ ಜಾಣ ಆಯ್ಕೆಯಾಗಬಹುದು. ನಿಲ್ದಾಣಕ್ಕೆ ಹೋಗಲು ಇನ್ನೊಂದು ವಾಹನ, ಅದನ್ನು ನಿಲ್ಲಿಸಲು ಜಾಗ ಬೇಕೆಂದಾದರೆ ಅರ್ಧ ಲಾಭ ಅಲ್ಲೇ ಕರಗುತ್ತದೆ. ಮುಂದೆ ಬರಲಿದೆ ಎನ್ನುವ ಮಾರ್ಗವನ್ನು ನಂಬಿ ಮನೆ ಕೊಳ್ಳಬೇಡಿ. ಮಗು ಬೆಳೆಯುವಷ್ಟು ಬೇಗ ಹಳಿಗಳು ಬೆಳೆಯುವುದಿಲ್ಲ.

ಮೂರನೆಯದು ಹೆದ್ದಾರಿಯ ಪಕ್ಕ ಹೊಸದಾಗಿ ಎದ್ದದ್ದು. ನಾವು ಭಾನುವಾರ ನೋಡಿ ಮರುಳಾದದ್ದು ಇದಕ್ಕೇ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಇಂಥ ಕಡೆಗೇ ಹೊಂದುತ್ತದೆ. ದೊಡ್ಡ ಮನೆ, ಹೊಸ ಗೋಡೆ, ಅದೇ ವಯಸ್ಸಿನ ಮಕ್ಕಳಿರುವ ಅಕ್ಕಪಕ್ಕದ ಮನೆಗಳು. ಈ ಕೊನೆಯದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿನ ಶಾಲೆ ಹೊಸದು, ಅದರ ಗುಣ ಯಾರಿಗೂ ತಿಳಿಯದು, ಮತ್ತು ಒಂದೇ ವಯಸ್ಸಿನ ಮಕ್ಕಳೆಲ್ಲ ಒಂದೇ ವರ್ಷ ಸೀಟು ಕೇಳುತ್ತಾರೆ. ಹೆದ್ದಾರಿಯನ್ನು ಅಗಲ ಮಾಡಿದರೆ ಸರಿಹೋಗುತ್ತದೆ ಎಂಬ ಆಸೆಯೂ ಬೇಡ. ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಹೆದ್ದಾರಿಗಳನ್ನು ನೋಡಿ ತೋರಿಸಿದಂತೆ, ರಸ್ತೆ ಎಷ್ಟು ಬೆಳೆಯುತ್ತದೋ ಅದರ ಮೇಲಿನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಒಗ್ಗಬಹುದು. ಉದ್ಯೋಗದಾತರ ಮನಸ್ಸು ಬದಲಾದ ದಿನ ಏನು ಮಾಡುತ್ತೇವೆ ಎಂಬುದಕ್ಕೆ ಉತ್ತರ ಇಟ್ಟುಕೊಂಡೇ ಹೋಗಿ.

ನಾಲ್ಕನೆಯದು ಹತ್ತಿರದ ಚಿಕ್ಕ ಪಟ್ಟಣ. ತನ್ನದೇ ಪೇಟೆ, ಶಾಲೆ, ಆಸ್ಪತ್ರೆ ಇರುವಂಥದ್ದು. ಇಬ್ಬರಲ್ಲಿ ಒಬ್ಬರಿಗಾದರೂ ಅಲ್ಲೇ ಕೆಲಸ ಸಿಗುವುದಾದರೆ ಮಕ್ಕಳ ದಿನ ನೆಮ್ಮದಿಯಾಗಿರುತ್ತದೆ. ಇಬ್ಬರೂ ನಗರಕ್ಕೇ ಹೋಗಬೇಕಾದರೆ ಇದರ ಮಾತೇ ಬೇಡ.

ಮಗುವಿನ ಕಾಲಿಗೆ ಎಷ್ಟು ದೂರ ಎಟುಕುತ್ತದೆ?

ಹೋಲಿಕೆಯ ಪಟ್ಟಿಗಳಲ್ಲಿ ಈ ಸಾಲು ಇರುವುದೇ ಇಲ್ಲ, ನನಗೆ ಇದೇ ಬಹಳ ಮುಖ್ಯ ಎನ್ನಿಸುತ್ತದೆ. ಹತ್ತು ವರ್ಷದ ಮಗು ಯಾರ ಕೈಯನ್ನೂ ಹಿಡಿಯದೆ ಎಲ್ಲೆಲ್ಲಿಗೆ ಹೋಗಿಬರಬಹುದು? ಇಂಗ್ಲೆಂಡಿನಲ್ಲಿ ಮೇಯರ್ ಹಿಲ್ಮನ್ ಎಂಬ ಸಂಶೋಧಕ ಮತ್ತು ಸಂಗಡಿಗರು 1971ರಲ್ಲೂ 1990ರಲ್ಲೂ ಒಂದೇ ಪ್ರಶ್ನೆ ಕೇಳಿದರು. 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ದೊಡ್ಡವರ ಕಾವಲಿಲ್ಲದೆ ಶಾಲೆಗೆ ಹೋಗುತ್ತಿದ್ದರು, 1990ರಲ್ಲಿ ಶೇ 9. ಮಕ್ಕಳು ಬದಲಾಗಿರಲಿಲ್ಲ, ರಸ್ತೆಗಳು ಬದಲಾಗಿದ್ದವು. ನಗರ ವಿನ್ಯಾಸಕಾರ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಒಂದೇ ಬಗೆಯ ಬೀದಿಗಳನ್ನು ಹೋಲಿಸಿದಾಗ, ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯವರಿಗೆ ಅಲ್ಲೇ ತಲಾ ಮೂವರು ಸ್ನೇಹಿತರಿದ್ದರು. 16,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9.

ಹಾಗಾಗಿ ಉದ್ಯಾನ ಎಷ್ಟು ದೊಡ್ಡದು ಎಂದು ನೋಡುವ ಬದಲು ಅಲ್ಲಿಗೆ ಹೋಗಲು ಎಷ್ಟು ದೊಡ್ಡ ರಸ್ತೆ ದಾಟಬೇಕು ಎಂದು ನೋಡಿ. ಕ್ಲಾರೆನ್ಸ್ ಪೆರಿ ಎಂಬ ಅಮೆರಿಕನ್ ಯೋಜಕರು 1929ರಲ್ಲೇ ನೆರೆಹೊರೆಯ ಮಾದರಿಯೊಂದನ್ನು ಬರೆದು ತೋರಿಸಿದ್ದರು: ನಡುವೆ ಪ್ರಾಥಮಿಕ ಶಾಲೆ, ಸುತ್ತ ನಡೆದು ಮುಟ್ಟುವಷ್ಟು ದೂರದಲ್ಲಿ ಮನೆಗಳು, ದೊಡ್ಡ ರಸ್ತೆಗಳೆಲ್ಲ ಅಂಚಿನಲ್ಲಿ. ಎರಡು ಬಡಾವಣೆಗಳಲ್ಲಿ ಯಾವುದು ಈ ಚಿತ್ರಕ್ಕೆ ಹೆಚ್ಚು ಹತ್ತಿರವೋ ಅದು ಪಾಲಕರಿಗೂ ಸಮಯ ಉಳಿಸುತ್ತದೆ. ತಾನೇ ನಡೆದುಹೋಗುವ ಮಗುವನ್ನು ಬಿಟ್ಟುಬರುವ ಕೆಲಸ ಯಾರಿಗೂ ಇಲ್ಲವಲ್ಲ. ಈ ಕಾರಣಕ್ಕೇ, ದೂರದ ಅತ್ಯುತ್ತಮ ಶಾಲೆ ಮತ್ತು ನಡೆಯುವಷ್ಟು ಹತ್ತಿರದ ಒಳ್ಳೆಯ ಶಾಲೆ ಎರಡೂ ಎದುರಿಗೆ ಬಂದರೆ, ಪ್ರಾಥಮಿಕ ತರಗತಿಗಳಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಹತ್ತಿರದ ಶಾಲೆ ನಿಜಕ್ಕೂ ಕೆಟ್ಟದಾಗಿದ್ದರೆ ಮಾತು ಬೇರೆ.

ಯಾವ ವಯಸ್ಸಿನಲ್ಲಿ ಮನೆ ಬದಲಿಸುತ್ತೀರಿ ಎಂಬುದೂ ತೂಕದ ಸಂಗತಿ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಕಡುಬಡ ವಸತಿಗಳ ಕುಟುಂಬಗಳಿಗೆ ಉತ್ತಮ ನೆರೆಹೊರೆಗೆ ಹೋಗಲು ಬಾಡಿಗೆ ನೆರವು ಕೊಡುವ ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಹಲೇಖಕರು 2016ರಲ್ಲಿ ಪ್ರಕಟಿಸಿದಂತೆ, 13 ವರ್ಷ ತುಂಬುವ ಮೊದಲೇ ಹಾಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಉಳಿದವರಿಗಿಂತ ಶೇ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಅದಕ್ಕಿಂತ ದೊಡ್ಡವರಾಗಿ ಹೋದವರಿಗೆ ಲಾಭವಾಗಲಿಲ್ಲ, ತುಸು ನಷ್ಟವೇ ಆದಂತಿತ್ತು. ಒಂದು ಒಳ್ಳೆಯ ಬಡಾವಣೆಯಿಂದ ಇನ್ನೊಂದು ಒಳ್ಳೆಯ ಬಡಾವಣೆಗೆ ಹೋಗುವವರಿಗೆ ಈ ಅಂಕಿ ಅನ್ವಯಿಸದು. ಆದರೂ ಹದಿನಾಲ್ಕು ವರ್ಷದ ಮಗಳನ್ನು ಗೆಳತಿಯರಿಂದ ಬಿಡಿಸಿ "ಇನ್ನೂ ಒಳ್ಳೆಯ" ಶಾಲೆಗೆ ಸೇರಿಸುವ ಮೊದಲು ಇದನ್ನು ಎರಡು ಬಾರಿ ಓದಿ.

ಕೊನೆಯ ಎರಡು ಉಳಿದಾಗ

ಪಟ್ಟಿ ಎರಡಕ್ಕೆ ಇಳಿದ ಮೇಲೆ ಮಂಗಳವಾರ ಒಂದು ದಿನ ರಜೆ ಹಾಕಿ. ಶಾಲೆಗೆ ಹೊರಡುವ ಹೊತ್ತಿಗೆ ಆ ಮನೆಯ ಬಾಗಿಲಿನಿಂದ ಹೊರಟು ಶಾಲೆ ಮುಟ್ಟಿ, ಅಲ್ಲಿಂದ ಕಚೇರಿಗೆ ಹೋಗಿ. ಸಂಜೆ ಅದೇ ದಾರಿಯಲ್ಲಿ ಹಿಂತಿರುಗಿ. ಮುಂದಿನ ವಾರ ಇನ್ನೊಂದು ಬಡಾವಣೆಯಿಂದ ಇದನ್ನೇ ಮಾಡಿ. ಮಳೆ ಸುರಿಯುವ ದಿನ ಸಿಕ್ಕಿದರೆ ಅದೃಷ್ಟ. ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಿ, ಬೀದಿದೀಪ ಎಲ್ಲಿಯವರೆಗೆ ಇದೆ ಎಂದು ಎಣಿಸಿ. ಖರ್ಚಿನ ಲೆಕ್ಕದಲ್ಲಿ ದೂರದ ಮನೆಯ ಕಂತಿನ ಜೊತೆಗೆ ಎರಡನೆಯ ವಾಹನ, ಇಂಧನ, ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುವವರ ಸಂಬಳ ಸೇರಿಸಿ. ಅಗ್ಗ ಎಂದುಕೊಂಡ ಮನೆ ಎಷ್ಟೋ ಸಲ ಇಲ್ಲಿಯೇ ದುಬಾರಿಯಾಗುತ್ತದೆ.

ಅಷ್ಟಾದರೂ ತೀರ್ಮಾನವಾಗದಿದ್ದರೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ನಾವು ಕೊನೆಗೆ ಹಾಗೆಯೇ ಮಾಡಿದೆವು, ರೈಲು ನಿಲ್ದಾಣದ ಹತ್ತಿರದ ಇಕ್ಕಟ್ಟಾದ ಮನೆಯೊಂದರಲ್ಲಿ. ಎರಡು ಬಾರಿ ಮನೆ ಸಾಮಾನು ಸಾಗಿಸುವ ಖರ್ಚು ದಂಡ ಎಂದು ಹಿರಿಯರು ಗೊಣಗಿದರು. ವರ್ಷ ಮುಗಿದಾಗ ಸಾಗಿಸಬೇಕಾದ ದೂರ ಎರಡೇ ಬೀದಿ.